ರಾಣಿ ಇರುವೆಯ ರಹದಾರಿ

2025ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಕೀನ್ಯಾದ ವಸತಿಗೃಹವೊಂದರಲ್ಲಿ ಸುಮಾರು 5,000 ಇರುವೆಗಳ ಸಮೇತ ಸಿಕ್ಕಿಬಿದ್ದರು. ಇಬ್ಬರಿಗೂ ಇನ್ನೂ ಹತ್ತೊಂಬತ್ತು ವರ್ಷ. ಅವರ ಬಳಿ ಎರಡು ಸಾವಿರಕ್ಕೂ ಹೆಚ್ಚು ಟೆಸ್ಟ್ ಟ್ಯೂಬು, ಸಿರಿಂಜುಗಳಿದ್ದವು. ಒಳಗೆ ಹತ್ತಿ ತುರುಕಿ, ಇರುವೆ ಎರಡು ತಿಂಗಳಾದರೂ ಬದುಕಿರುವಂತೆ ವ್ಯವಸ್ಥೆ ಮಾಡಲಾಗಿತ್ತು. ಇದು ಬರೀ ಹವ್ಯಾಸ, ಅಪರಾಧವೆಂದು ಗೊತ್ತಿರಲಿಲ್ಲ ಎಂದರು ಹುಡುಗರು. ನೈರೋಬಿಯ ನ್ಯಾಯಾಲಯ ಒಪ್ಪಲಿಲ್ಲ. ಮೇ ತಿಂಗಳಲ್ಲಿ ತೀರ್ಪು ಬಂತು: ತಲಾ 10 ಲಕ್ಷ ಶಿಲಿಂಗ್ ದಂಡ, ಅಂದರೆ ನಮ್ಮ ಆರು ಲಕ್ಷ ರೂಪಾಯಿಗೂ ಮೇಲೆ, ಕಟ್ಟದಿದ್ದರೆ ಒಂದು ವರ್ಷ ಜೈಲು.

ಇರುವೆ ಹಿಡಿದಿದ್ದಕ್ಕೆ ಆರು ಲಕ್ಷವೇ ಎಂದು ನಗುವವರು ಆ ಟ್ಯೂಬುಗಳಲ್ಲಿ ಏನಿತ್ತು ಎಂಬುದನ್ನು ನೋಡಬೇಕು. ಅವು ಕಾಳು ಕೂಡಿಡುವ ಮೆಸ್ಸರ್ ಸೆಫಲೋಟಿಸ್ ಎಂಬ ದೈತ್ಯ ಜಾತಿಯ ಇರುವೆಗಳು. ಅವುಗಳಲ್ಲೂ ಬೆಲೆ ಬಾಳುವುದು ರಾಣಿ. ನಮ್ಮಲ್ಲಿ ಮೊದಲ ಮಳೆ ಬಿದ್ದ ಸಂಜೆ ಈಸಲು ಹುಳು ಏಳುವಂತೆ ಅಲ್ಲೂ ಮಳೆಯ ಬೆನ್ನಿಗೇ ರೆಕ್ಕೆಯ ರಾಣಿಯರು ನೆಲದಿಂದ ಹೊರಬರುತ್ತಾರೆ. ಗಂಡಿನೊಡನೆ ಕೂಡಿದ ಮೇಲೆ ರಾಣಿ ರೆಕ್ಕೆ ಉದುರಿಸಿ, ಮಣ್ಣು ಕೊರೆದು, ಒಬ್ಬಳೇ ಹೊಸ ಸಂಸಾರ ಹೂಡುತ್ತಾಳೆ. ಆ ಹೊತ್ತಿನಲ್ಲಿ ಅವಳನ್ನು ಎತ್ತಿಕೊಂಡರೆ, ಮುಂದೆ ಬೆಳೆಯಬೇಕಿದ್ದ ಇಡೀ ಗೂಡೇ ಹೋಯಿತು. ಆ ಗೂಡು ಹೊತ್ತು ಚೆಲ್ಲಬೇಕಿದ್ದ ಹುಲ್ಲಿನ ಬೀಜವೂ ಹೋಯಿತು. ಯುರೋಪಿನಲ್ಲಿ ಇಂಥ ಒಬ್ಬ ರಾಣಿಗೆ ನೂರು ಪೌಂಡಿಗೂ ಹೆಚ್ಚು ಸುರಿಯುವ ಹವ್ಯಾಸಿಗಳಿದ್ದಾರೆ.

ಸಾಕುವ ಹುಳುಗಳ ವಿಷಯದಲ್ಲಿ ಜಗತ್ತಿನ ಕಾನೂನುಗಳು ಇಲ್ಲಿಯವರೆಗೆ ಒಂದೇ ಬಾಗಿಲು ಕಾದಿವೆ. ಒಳಗೆ ಬರುವ ಹುಳು ನಮ್ಮ ಬೆಳೆ ತಿಂದೀತೇ ಎಂಬುದಷ್ಟೇ ಅವುಗಳ ಪ್ರಶ್ನೆ. ಅದು ಯಾರ ಕಾಡಿನಿಂದ, ಯಾರ ಅಪ್ಪಣೆ ಪಡೆದು ಬಂತು ಎಂದು ಕೇಳುವವರು ಕಡಿಮೆ.

ಬರುವ ಬಾಗಿಲಿನ ಭಯಕ್ಕೆ ಕಾರಣಗಳಿವೆ, ಅದನ್ನು ಅಲ್ಲಗಳೆಯುವಂತಿಲ್ಲ. 1860ರ ದಶಕದ ಕೊನೆಯಲ್ಲಿ ಒಬ್ಬಾತ ರೇಷ್ಮೆಯ ಪ್ರಯೋಗಕ್ಕೆಂದು ಯುರೋಪಿನಿಂದ ಬಾಸ್ಟನ್ ಬಳಿಯ ಮೆಡ್‌ಫರ್ಡ್‌ಗೆ ಜಿಪ್ಸಿ ಪತಂಗ ತಂದ. ಅಲ್ಲಿಂದ ತಪ್ಪಿಸಿಕೊಂಡ ಹುಳುವಿನ ಸಂತತಿ ಇವತ್ತಿಗೂ ಅಮೆರಿಕದ ಕಾಡುಗಳನ್ನು ಬೋಳಿಸುತ್ತಿದೆ. ಹಾಗಾಗಿಯೇ ಅಲ್ಲಿ ಒಂದು ರಾಜ್ಯದಿಂದ ಪಕ್ಕದ ರಾಜ್ಯಕ್ಕೆ ರಾಣಿ ಇರುವೆ ಒಯ್ಯಲೂ ಕೃಷಿ ಇಲಾಖೆಯ ‘ಪಿಪಿಕ್ಯೂ 526’ ಪರವಾನಗಿ ಬೇಕು. ಕರ್ನಾಟಕಕ್ಕೂ ಇದರ ರುಚಿ ಗೊತ್ತು. ಕಾಂಗ್ರೆಸ್ ಹುಲ್ಲನ್ನು ತಿನ್ನಲೆಂದು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ಜೈಗೋಗ್ರಾಮಾ ದುಂಬಿಯನ್ನು ತರಿಸಿದಾಗ, ಪರೀಕ್ಷೆಗಳನ್ನು ಮಾಡಿಯೇ ಹೊಲಕ್ಕೆ ಬಿಟ್ಟಿದ್ದರು. ಆದರೂ ಕೆಲವು ವರ್ಷಗಳಲ್ಲಿ ಅದು ಸೂರ್ಯಕಾಂತಿ ಎಲೆ ಮೇಯುತ್ತಿದೆ ಎಂದು ಗುಲ್ಲೆದ್ದು, ಸರ್ಕಾರ ಪರಿಶೀಲನಾ ಸಮಿತಿಯನ್ನೇ ನೇಮಿಸಬೇಕಾಯಿತು. ಕಾಂಗ್ರೆಸ್ ಹುಲ್ಲಿನ ಪರಾಗ ಮೆತ್ತಿದ ಎಲೆಗಳಿಗೆ ಮಾತ್ರ ದುಂಬಿ ಬಾಯಿ ಹಾಕುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಸರ್ಕಾರಿ ವಿಜ್ಞಾನಿಗಳು ಕಣ್ಣಲ್ಲಿ ಕಣ್ಣಿಟ್ಟು ತಂದ ಹುಳುವಿನ ಕಥೆಯೇ ಹೀಗಾದರೆ, ಅಂಚೆಯಲ್ಲಿ ಕದ್ದು ಬಂದ ಹುಳುವಿಗೆ ಜವಾಬು ಕೊಡುವವರು ಯಾರು?

ಅಂಚೆಯಲ್ಲಿ ಬರುವುದೂ ನಿಜ. 2021ರ ಜುಲೈನಲ್ಲಿ ಚೆನ್ನೈ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡ್‌ನಿಂದ ಬಂದ ಪಾರ್ಸೆಲ್ಲೊಂದನ್ನು ಬಿಚ್ಚಿದರು. ಬೆಳ್ಳಿಹಾಳೆ, ಹತ್ತಿ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಸೀಸೆಗಳಲ್ಲಿ 107 ಜೀವಂತ ಜೇಡಗಳಿದ್ದವು. ಎಂಟು ಕಾಲಿನ ಜೇಡ ಕೀಟವಲ್ಲ ಎಂದು ಜೀವಶಾಸ್ತ್ರದ ಮೇಷ್ಟ್ರು ತಿದ್ದಬಹುದು; ಹವ್ಯಾಸಿಗಳ ಸಂತೆಯಲ್ಲಿ ಮಾತ್ರ ಇರುವೆ, ದುಂಬಿ, ಜೇಡ ಎಲ್ಲಕ್ಕೂ ಒಂದೇ ಅಂಗಡಿ. ಮೆಕ್ಸಿಕೋ, ಮಧ್ಯ ಅಮೆರಿಕ ಮೂಲದ ಆ ಜೇಡಗಳಿಗೆ ಆಮದು ಪರವಾನಗಿಯೂ ಇರಲಿಲ್ಲ, ಆರೋಗ್ಯದ ದಾಖಲೆಯೂ ಇರಲಿಲ್ಲ. ಅಧಿಕಾರಿಗಳು ಅವನ್ನು ಪೋಲೆಂಡ್‌ಗೇ ವಾಪಸು ಕಳಿಸಿದರು. ಸರಿಯಾದ ಕೆಲಸ.

ಇನ್ನು ಹೋಗುವ ಬಾಗಿಲು. ಅದು ಹಾರು ಹೊಡೆದೇ ಇದೆ.

ಬಳ್ಳಾರಿಯಿಂದ ಆಚೆ, ಆಂಧ್ರದ ಗುತ್ತಿ ಊರಿನ ಹೆಸರು ಯುರೋಪಿನ ಜೇಡ ಸಾಕುವವರಿಗೆಲ್ಲ ಬಾಯಿಪಾಠ. ಅಲ್ಲಿ ಮೊದಲು ಸಿಕ್ಕು, 1899ರಲ್ಲಿ ವಿಜ್ಞಾನದ ದಾಖಲೆ ಸೇರಿದ ಕಡುನೀಲಿ ಜೇಡ ಪೊಯಿಸಿಲೋಥೀರಿಯಾ ಮೆಟಾಲಿಕಾ. ಅದರ ನಿಜವಾದ ನೆಲೆ ನಂದ್ಯಾಲ, ಗಿದ್ದಲೂರಿನ ನಡುವಿನ ಒಂದು ಚೂರು ಕಾಡು. ಈ ಜೇಡ ಅಳಿವಿನ ಅಂಚಿನಲ್ಲಿದೆ. ಆದರೂ ಅದರ ಸಂತತಿ ವರ್ಷಗಟ್ಟಲೆ ಪಶ್ಚಿಮದ ಸಾಕುಪ್ರಾಣಿ ಮಳಿಗೆಗಳಲ್ಲಿ ಬಿಕರಿಯಾಗುತ್ತಿತ್ತು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಗೆ ಈ ಕುಲದ ಜೇಡಗಳು ಸೇರಿದ್ದು 2019ರಲ್ಲಿ. ಚೆನ್ನೈನವರು ಪೋಲೆಂಡ್‌ಗೆ ಜೇಡ ಹಿಂದಿರುಗಿಸಿದಂತೆ ಗುತ್ತಿಯ ಜೇಡವನ್ನು ಯಾವ ಯುರೋಪಿನ ದೇಶವೂ ಆಂಧ್ರಕ್ಕೆ ವಾಪಸು ಕಳಿಸಲಿಲ್ಲ.

ಜಪಾನ್ ಈ ಒಕ್ಕಣ್ಣಿನ ನೀತಿಗೆ ಒಳ್ಳೆಯ ಉದಾಹರಣೆ. ಕೊಂಬಿನ ದುಂಬಿ ಸಾಕುವುದು ಅಲ್ಲಿನ ಮಕ್ಕಳ ಬೇಸಿಗೆಯ ಆಟ. 1999ರಲ್ಲಿ ಅಲ್ಲಿನ ಸರ್ಕಾರ ಬೆಳೆಗೆ ಹಾನಿ ಮಾಡದ ವಿದೇಶಿ ದುಂಬಿಗಳ ಪಟ್ಟಿ ಮಾಡಿ ಆಮದಿಗೆ ಅವಕಾಶ ಕೊಟ್ಟಿತು. ವರ್ಷಕ್ಕೆ ಲಕ್ಷಗಟ್ಟಲೆ ದುಂಬಿಗಳು ಬಂದಿಳಿದವು. ಬೆಳೆ ಉಳಿಯಿತೇನೋ ಸರಿ, ಆದರೆ ಹೊರಗಿನ ದುಂಬಿಗಳು ಸ್ಥಳೀಯ ತಳಿಗಳ ಜತೆ ಬೆರಕೆಯಾಗುವ ಚಿಂತೆ ಶುರುವಾಯಿತು. ಹಿಮಾಲಯದ ತಪ್ಪಲಿನಲ್ಲಿ ಹಿಡಿಯಬಾರದೆಂದು ಕಾನೂನಿದ್ದ ದುಂಬಿಗಳಿಗೂ ಜಪಾನಿನಲ್ಲಿ ಗಿರಾಕಿಗಳು ಹುಟ್ಟಿಕೊಂಡರು.

ನಮ್ಮ ಕಡೆಯಿಂದ ಕಾವಲೇ ಇಲ್ಲವೆಂದಲ್ಲ. 2008ರಲ್ಲಿ ಡಾರ್ಜಿಲಿಂಗ್ ಬಳಿಯ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿ ಇಲ್ಲದೆ ದುಂಬಿ, ಚಿಟ್ಟೆ ಸಂಗ್ರಹಿಸಿದ ಇಬ್ಬರು ಜೆಕ್ ಪ್ರಜೆಗಳಿಗೆ ಶಿಕ್ಷೆಯಾಯಿತು. ಅವರಲ್ಲೊಬ್ಬರು ಹೆಸರಾಂತ ಕೀಟತಜ್ಞರಾದ್ದರಿಂದ ಹಲವು ದೇಶಗಳ ವಿಜ್ಞಾನಿಗಳು ಆಕ್ಷೇಪಿಸಿದರು. ಸಂಶೋಧಕನನ್ನೂ ಸಾಗಣೆದಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಸರಿ; ಸಂಶೋಧಕರಿಗೆ ಅನುಮತಿ ಬೇಗ ಸಿಗುವಂತೆ ಮಾಡುವುದು ಅರಣ್ಯ ಇಲಾಖೆಗಳ ಹೊಣೆ. ಆದರೆ ಕಾಡಿನ ಗೇಟಿನಲ್ಲಿ ಒಬ್ಬಿಬ್ಬರನ್ನು ಹಿಡಿದರೆ ವ್ಯಾಪಾರ ನಿಲ್ಲದು. ಅದು ನಿಲ್ಲಬೇಕಾದದ್ದು ಮಾಲು ಕೊಳ್ಳುವ ಊರಿನಲ್ಲಿ.

ಅಮೆರಿಕದ ಲೇಸಿ ಕಾಯ್ದೆಗೆ ಈ ಬುದ್ಧಿ ಇದೆ: ಬೇರೆ ದೇಶದ ಕಾನೂನು ಮುರಿದು ಹಿಡಿದ ಜೀವಿಯನ್ನು ಅಮೆರಿಕದಲ್ಲಿ ಮಾರುವುದೂ ಅಪರಾಧ. ಹುಳು ಹುಪ್ಪಟೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಯುರೋಪ್ ಒಕ್ಕೂಟದಲ್ಲಿ ಅಂಥ ಸಾರ್ವತ್ರಿಕ ಕಾನೂನಿಲ್ಲ. ಸೈಟಿಸ್ ಪಟ್ಟಿಯಲ್ಲಿಲ್ಲದ ಹುಳು ಒಮ್ಮೆ ಗಡಿ ದಾಟಿತೆಂದರೆ, ತವರಿನಲ್ಲಿ ಅದಕ್ಕೆ ಎಷ್ಟೇ ರಕ್ಷಣೆ ಇರಲಿ, ಅಂಗಡಿಯಲ್ಲಿ ಅದು ಸಭ್ಯ ಸರಕು. ಕೀನ್ಯಾದಲ್ಲಿ ಸಿಕ್ಕಿಬಿದ್ದ ಹುಡುಗರು ನಾಲ್ಕು ದಿನ ಮೊದಲೇ ವಿಮಾನ ಹತ್ತಿದ್ದರೆ ಮುಂದಿನ ಹಾದಿ ಸಲೀಸಾಗುತ್ತಿತ್ತು.

ಯುರೋಪ್ ತನ್ನ ಕಾನೂನು ತಿದ್ದುವವರೆಗೆ ಭಾರತ ಕೈಕಟ್ಟಿ ಕೂರಬೇಕಿಲ್ಲ. ಸೈಟಿಸ್‌ನ ಒಂದು, ಎರಡನೇ ಪಟ್ಟಿಗಳಿಗೆ ಜೀವಿ ಸೇರಿಸಲು ಹಾಜರಿದ್ದು ಮತ ಹಾಕುವ ಸದಸ್ಯ ದೇಶಗಳ ಮೂರನೇ ಎರಡರಷ್ಟು ಮತ ಬೇಕು. ಮೂರನೇ ಪಟ್ಟಿಗೆ ಯಾರ ಮತವೂ ಬೇಡ. ದಕ್ಷಿಣ ಆಫ್ರಿಕ ತನ್ನ ಕೊಲೊಫಾನ್ ದುಂಬಿಗಳನ್ನು ಈ ದಾರಿಯಲ್ಲೇ ಕಾಪಾಡಿಕೊಂಡಿದೆ. ಭಾರತವೂ ಮುಂಗುಸಿ, ನರಿಗಳನ್ನು ಇದೇ ಪಟ್ಟಿಯಲ್ಲಿ ಇಟ್ಟಿದೆ. ಸಂಗ್ರಹಕಾರರ ಕಣ್ಣು ಬಿದ್ದಿರುವ ಪಶ್ಚಿಮಘಟ್ಟ ಮತ್ತು ಹಿಮಾಲಯದ ದುಂಬಿ, ಚಿಟ್ಟೆ, ಇರುವೆಗಳನ್ನು ಗುರುತಿಸುವ ತಜ್ಞರು ಬೆಂಗಳೂರಿನಲ್ಲೇ ಇದ್ದಾರೆ. ಅವರು ಪಟ್ಟಿ ಕೊಟ್ಟು, ಕೇಂದ್ರ ಪರಿಸರ ಸಚಿವಾಲಯ ಜಿನೀವಾದ ಸೈಟಿಸ್ ಕಚೇರಿಗೆ ಒಂದು ಪತ್ರ ಬರೆದರೆ ಸಾಕು. ಕಚೇರಿ ಅದನ್ನು ಉಳಿದ ದೇಶಗಳಿಗೆ ತಿಳಿಸಿದ 90 ದಿನಗಳ ನಂತರ ನಿಯಮ ಜಾರಿಗೆ ಬರುತ್ತದೆ. ಆಮೇಲೆ ಬ್ರಸೆಲ್ಸ್‌ನಲ್ಲಾಗಲಿ ಟೋಕಿಯೊದಲ್ಲಾಗಲಿ ಪಾರ್ಸೆಲ್ ಬಿಚ್ಚುವ ಅಧಿಕಾರಿ ಭಾರತದ ರಫ್ತು ಪರವಾನಗಿ ಎಲ್ಲಿ ಎಂದು ಕೇಳಲೇಬೇಕಾಗುತ್ತದೆ.