ಮಾಗಡಿ ರಸ್ತೆಯ ‘ಕಾಂಪ್ಲೆಕ್ಸ್’

ನಮ್ಮ ದಿನಬಳಕೆಯಲ್ಲಿ ‘ಕಾಂಪ್ಲೆಕ್ಸ್’ ಅಂದರೆ ಕೆಳಗೆ ನಾಲ್ಕು ಅಂಗಡಿ, ಮೇಲೊಂದು ಟ್ಯೂಷನ್ ಸೆಂಟರ್. ಬೆಂಗಳೂರಿನ ವಿಜಯನಗರದಿಂದ ಕೆಂಗೇರಿಯವರೆಗೆ ಬೀದಿಗೊಂದು ಸಿಗುತ್ತದೆ. ನಾಗ್ ಅಶ್ವಿನ್ ನಿರ್ದೇಶನದ ‘ಕಲ್ಕಿ 2898 ಎಡಿ’ಯ ಕಾಂಪ್ಲೆಕ್ಸ್ ಬೇರೆಯದೇ. ಗಂಗೆ ಬತ್ತಿದೆ, ಕಾಶಿಯ ತುಂಬ ದೂಳು. ಊರಿನ ನೆತ್ತಿಯ ಮೇಲೆ ತಲೆಕೆಳಗಾದ ಪಿರಮಿಡ್ಡು. ನೀರು, ಹಸಿರು, ಊಟ ಎಲ್ಲವೂ ಅದರೊಳಗೆ. ಹೋಗಬೇಕಾದರೆ ಹತ್ತು ಲಕ್ಷ ‘ಯೂನಿಟ್’ ಕಟ್ಟಬೇಕು. ಪ್ರಭಾಸ್ ನಟಿಸಿದ ಭೈರವನಿಗೆ ಆ ಗೋಪುರವನ್ನು ಕೆಡವುವ ಯೋಚನೆಯಿಲ್ಲ. ಹೇಗಾದರೂ ಒಳಗೆ ಸೇರಿಕೊಂಡರೆ ಸಾಕು.

ಆ ಆಸೆಯೇ ಚಿತ್ರದ ಅತ್ಯಂತ ಪ್ರಾಮಾಣಿಕ ರಾಜಕೀಯ.

ಚಿತ್ರ ತೆರೆಕಂಡದ್ದು 2024ರ ಜೂನ್ 27ರಂದು. ಅದೇ ವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ವಿಧಿಸಿತ್ತು. ಹಾಗಾಗಿ ಪರದೆಯ ಮೇಲಿನ ಬತ್ತಿದ ಗಂಗೆ ಇಲ್ಲಿಯವರಿಗೆ ಕಲ್ಪನೆ ಅನ್ನಿಸುವಂತಿರಲಿಲ್ಲ. ಆದರೆ ನಿಜವಾದ ಹೋಲಿಕೆ ಕಾದಿದ್ದದ್ದು ನೀರಿನಲ್ಲಲ್ಲ, ಬಾಗಿಲಲ್ಲಿ. ಚಿತ್ರ ಬಂದು ಮೂರು ವಾರ ತುಂಬುವ ಮೊದಲೇ ಹಾವೇರಿ ಕಡೆಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ ಬಂದರು. ಪಂಚೆ ಉಟ್ಟಿದ್ದರು ಎಂಬ ಕಾರಣಕ್ಕೆ ಭದ್ರತಾ ಸಿಬ್ಬಂದಿ ಒಳಗೆ ಬಿಡಲಿಲ್ಲ. ಅದಕ್ಕೂ ಐದು ತಿಂಗಳ ಹಿಂದೆ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಲೆ ಮೇಲೆ ಮೂಟೆ ಹೊತ್ತಿದ್ದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂದು ತಡೆದಿದ್ದರು. ಅವರ ಕೈಯಲ್ಲಿ ಟಿಕೆಟ್ ಇತ್ತು.

ಕಲ್ಕಿ ಎಡವಿದ್ದು ಇಲ್ಲೇ. ಅದರ ಬಾಗಿಲಿಗೆ ಗೊತ್ತಿರುವುದು ದುಡ್ಡೊಂದೇ. ಯೂನಿಟ್ ಎಣಿಸಿಕೊಟ್ಟರೆ ಯಾರಾದರೂ ಹೋಗಬಹುದು ಎಂಬ ಲೆಕ್ಕ. ಪಶ್ಚಿಮ ಬೆಂಗಳೂರಿನ ಎರಡು ಬಾಗಿಲುಗಳು ಕೇಳಿದ್ದು ದುಡ್ಡನ್ನಲ್ಲ. ಉಟ್ಟದ್ದೇನು, ಬಟ್ಟೆ ಮಾಸಿದೆಯೇ ಎಂದು. 874 ವರ್ಷ ಮುಂದೆ ಹೋಗಿ ಕಲ್ಪಿಸಿಕೊಂಡ ಕ್ರೌರ್ಯಕ್ಕಿಂತ ಮಾಗಡಿ ರಸ್ತೆಯ ಕ್ರೌರ್ಯವೇ ಹೆಚ್ಚು ನಾಜೂಕಾಗಿತ್ತು. (ಇದೇ ರಸ್ತೆಯ ಪ್ರಸನ್ನ, ವೀರೇಶ್ ಚಿತ್ರಮಂದಿರಗಳಲ್ಲಿ ಪಂಚೆ ಎತ್ತಿ ಕಟ್ಟಿಕೊಂಡೇ ಜನ ಮ್ಯಾಟಿನಿ ನೋಡಿದವರು.)

ಚಿತ್ರದ ಕೈಯಲ್ಲಿ ಇದನ್ನು ಹೇಳಬಲ್ಲ ಪಾತ್ರವೇ ಇಲ್ಲದಿದ್ದರೆ ಮಾತು ಬೇರೆ. ಭೈರವ ಕೊನೆಗೆ ಯಾರೆಂದು ಗೊತ್ತಾಗುತ್ತದೆ? ಕರ್ಣ! ಶಸ್ತ್ರವಿದ್ಯಾ ಪ್ರದರ್ಶನದ ಅಂಗಳದಲ್ಲಿ ಬಿಲ್ಲಿನ ಬಲ ಬಿಟ್ಟು ಕುಲ ಕೇಳಿಸಿಕೊಂಡವನು. ಸಾವಿರ ವರ್ಷದ ಹಿಂದೆಯೇ ಪಂಪ ಆ ಕುಲದ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತಿಟ್ಟು, ಅರ್ಜುನನನ್ನು ನಾಯಕ ಮಾಡಿಕೊಂಡೂ ಓದುಗರ ಮನಸ್ಸನ್ನು ಕರ್ಣನ ಕಡೆ ವಾಲಿಸಿದ. ಅಂಥವನು ಕಾಂಪ್ಲೆಕ್ಸಿನ ಬಾಗಿಲಲ್ಲಿ ನಿಂತಿದ್ದಾನೆ; ಚಿತ್ರ ಅವನಿಂದ ಬಿಲ್ಲೆತ್ತಿಸಿ ಚಪ್ಪಾಳೆ ಗಿಟ್ಟಿಸುತ್ತದೆ, ಅಷ್ಟೇ. ಅನ್ಯಾಯದ ಬಾಕಿ ಲೆಕ್ಕವೆಲ್ಲ ಇನ್ನೂ ಹುಟ್ಟದ ಅವತಾರದ ಪಾಲಿಗೆ.

ಅದೇ ವರ್ಷ ಡಿಸೆಂಬರ್ 20ಕ್ಕೆ ಬಂದ ಉಪೇಂದ್ರರ ‘ಯುಐ’ ಅವತಾರಕ್ಕಾಗಿ ಕಾಯಲಿಲ್ಲ, ನೇರ ಪ್ರೇಕ್ಷಕನ ಕೊರಳಪಟ್ಟಿಗೇ ಕೈ ಹಾಕಿತು. ಬುದ್ಧಿವಂತರು ಎದ್ದುಹೋಗಬಹುದೆಂದು ಆರಂಭದಲ್ಲೇ ಹೇಳಿತು. 2017ರಲ್ಲಿ ಖಾಕಿ ಅಂಗಿ ತೊಟ್ಟು ‘ಪ್ರಜಾಕೀಯ’ಕ್ಕೆ ಇಳಿದ, ಮರುವರ್ಷ ಉತ್ತಮ ಪ್ರಜಾಕೀಯ ಪಕ್ಷ ಕಟ್ಟಿದ ನಿರ್ದೇಶಕನಿಂದ ಇದು ಅನಿರೀಕ್ಷಿತವೇನಲ್ಲ. ಬೈಗುಳದಲ್ಲಿ ಧೈರ್ಯವಿದೆ. ಆದರೆ ತಪ್ಪು ಎಲ್ಲರದೂ ಅಂದುಬಿಟ್ಟರೆ ಬಾಗಿಲು ಕಾಯಿಸಿದವರೂ ಬಾಗಿಲಲ್ಲಿ ನಿಂತವರೂ ಒಂದೇ ಸಾಲಿಗೆ ಬೀಳುತ್ತಾರೆ.

ಮಾಗಡಿ ರಸ್ತೆಯಲ್ಲಿ ಅವತಾರದ ಅಗತ್ಯ ಬೀಳಲಿಲ್ಲ. ಮಗ ಮಾಡಿದ ವಿಡಿಯೊ ಹರಿದಾಡಿತು, ಪ್ರತಿಭಟನಕಾರರು ಮಾಲ್ ಮುಂದೆ ಜಮಾಯಿಸಿದರು, ಮಾಲ್ ಕ್ಷಮೆ ಕೇಳಿತು. ವಿಷಯ ವಿಧಾನಸಭೆಗೂ ಹೋಗಿ, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸಚಿವ ಬೈರತಿ ಸುರೇಶ್ ಘೋಷಿಸಿದರು. ಆ ಸದನದಲ್ಲಿ ಪಂಚೆ ಉಟ್ಟ ಶಾಸಕರಿಗೆ ಯಾವ ಕೊರತೆಯೂ ಇಲ್ಲ.