ಕೂಸಿಗೆ ಹಳೇ ಪತ್ತಲದ ಕೌದೀನ ಒಯ್ಯರಿ

ಬಾಣಂತಿ ನೋಡಾಕ ಹೋಗುವಾಗ ಈಗ ಎಲ್ಲಾರ ಕೈಯಾಗೂ ಒಂದ ಸಾಮಾನು. ಜಿಪ್ ಹಚ್ಚಿದ ಪ್ಲಾಸ್ಟಿಕ್ ಚೀಲ, ಅದರೊಳಗ ಕರಡಿ ಚಿತ್ರದ ಜುಬುಜುಬು ಬ್ಲ್ಯಾಂಕೆಟ್. ನಮ್ಮ ಬಳಗದ ಒಂದ ಮನಿಗೆ ಇಂಥಾವು ಆರು ಬಂದಾವ. ಆರೂ ಟ್ರಂಕಿನಾಗ ಕುಂತಾವ. ಕೂಸು ಮಲಗೂದು ಮಾತ್ರ ಅದರ ಅಜ್ಜಿಯ ಹಳೇ ಪತ್ತಲದ ತುಂಡಿನ ಮ್ಯಾಲ. ಹಂಗಿದ್ದ ಮ್ಯಾಲ ಆ ತುಂಡನ್ನ ಚಂದಂಗ ಕೌದಿ ಹೊಲದು ನಾವ ಯಾಕ ಒಯ್ಯಬಾರದು?

ನಮ್ಮ ಗಜೇಂದ್ರಗಡದ ಬಿಸಲು ನಿಮಗ ಗೊತ್ತೈತಿ. ಉಗಾದಿ ಮುಂದ ಹುಟ್ಟಿದ ಕೂಸಿಗೆ ಪಾಲಿಸ್ಟರ್ ಬ್ಲ್ಯಾಂಕೆಟ್ ಸುತ್ತಿದ್ರ ಕುತ್ತಿಗ್ಯಾಗ ಬೆವರಸಾಲಿ ಏಳತಾವ. ಬೆವರು ಹೀರೂದು ಹತ್ತಿ ಅರಬಿ, ಅದೂ ನೂರು ಸಲ ಒಗದು ಮೆತ್ತಗಾಗಿದ್ದು. ಹೊಸಾ ಅರಬಿಯೊಳಗ ಗಂಜಿ ಇರತೈತಿ, ಬಣ್ಣ ಇರತೈತಿ. ಅದಕ್ಕ ಹಿರ್ಯಾರು ಕೂಸಿಗೆ ಹಳೇದನ್ನ ಹುಡುಕತಿದ್ರು. ಬಡತನಾನೂ ಇತ್ತು, ಇಲ್ಲಾ ಅನ್ನೂದಿಲ್ಲ. ಆದ್ರ ಬರೇ ಬಡತನ ಅಲ್ಲ.

ಮತ್ತ ನಮ್ಮೂರಿನ ಕೈಮಗ್ಗದ ಪಟ್ಟೇದಂಚಿನ ಸೀರಿ ಮುಂದ ಯಾವ ಬ್ಲ್ಯಾಂಕೆಟ್ ನಿಂತೀತು ಹೇಳ್ರಿ. ದಪ್ಪ ಹತ್ತಿ ನೂಲು, ಚೌಕಡಿ ಮೈ, ಎರಡೂ ಬದಿ ಒಂದ ನಮೂನಿ. ಹೊಲದಾಗ ಉಟಗೊಂಡು ದುಡದ್ರೂ ಜಗ್ಗದ ಸೀರಿ ಅದು. ಹಳೇದಾದ ಮ್ಯಾಲ ಬೆಣ್ಣಿ ಆಗತೈತಿ.

ಈಗ ತಂಟೆ ಮಾತಿಗೆ ಬರತೇನಿ. ಸತ್ತವರ ಸೀರಿ ಕೂಸಿನ ಮೈಗೆ ತಾಗಿಸಬಾರದು ಅಂತಾರ ಕೆಲವರು. ನಮ್ಮತ್ತಿ ಹೋಗಿ ಎರಡು ವರ್ಷ ಆತು, ಆಕಿ ಪಟ್ಟೇದಂಚಿನ ಪತ್ತಲ ಮೂರು ಉಳದಾವ. ಈಗ ನಾದಿನಿ ಮಗಳು ಹಡದಾಳ. ಅದರಾಗಿಂದ ಒಂದು ಕೌದಿ ಹೊಲೀತೇನಿ ಅಂದ್ರ ಮನಿಯಾಗ ಎರಡು ಪಂಗಡ ಆದುವು. ಚಿಗತ್ತಿ ಅಂತೂ, "ಅಕ್ಕನ ನೆರಳು ಕೂಸಿನ ಮ್ಯಾಲ ಬ್ಯಾಡವಾ" ಅಂದ್ರು. ನನಗ ತಿಳಿಯೂದು ಇಷ್ಟ: ಆ ನೆರಳಿನಾಗ ನಾವೆಲ್ಲಾ ಬೆಳದೇವಿ. ಆಕಿ ಬಂಗಾರ ಹಂಚಿಕೊಳ್ಳುವಾಗ ಬಾರದ ಮೈಲಿಗಿ ಸೀರಿಗೆ ಎಲ್ಲಿಂದ ಬರತೈತಿ? ಹಂಗಂತ ನಾನು ಹಟ ಮಾಡಂಗಿಲ್ಲ. ಬಾಣಂತೀನ ಕೇಳಬೇಕು, ಕೂಸು ಆಕೀದು. ನಾನು ಕೇಳಿದೆ. "ಅಜ್ಜೀದ ಹಾಕ್ರಿ ಅತ್ತಿ, ಸೆರಗಿನ ತುಂಡು ಮ್ಯಾಲ ಬರಲಿ" ಅಂದ್ಲು. ಆಕಿ ಬ್ಯಾಡ ಅಂದಿದ್ರ ನನ್ನ ಸೀರಿ ಹರೀತಿದ್ದೆ.

ಇನ್ನ ಬೀಗರು ಏನಂದಾರು ಅನ್ನೋ ಅಂಜಿಕಿ. ನಮ್ಮ ಶಿಗ್ಗಾಂವಿಯಾಗ ಹುಟ್ಟಿದ ಸುಧಾ ಮೂರ್ತಿಯವರು 2017ರಾಗ ಇಂಗ್ಲಿಷ್‌ನಾಗ ಒಂದು ಪುಸ್ತಕ ತಂದ್ರು, ಹೆಸರು ‘ತ್ರೀ ಥೌಸಂಡ್ ಸ್ಟಿಚಸ್’. ದೇವದಾಸಿ ಪದ್ಧತಿ ಬಿಟ್ಟು ಬಂದ ಹೆಣ್ಮಕ್ಕಳು ಒಬ್ಬೊಬ್ಬರು ಒಂದೊಂದು ಟಾಕಿ ಹಾಕಿ ಅವರಿಗೆ ಕೊಟ್ಟ ಹೊದಿಕಿಯಿಂದ ಬಂದ ಹೆಸರು ಅದು. ಅಂಥಾ ಮನಿಗೆ ಕೈಹೊಲಗಿ ಉಡುಗೊರಿ ನಡದೀತಂದ್ರ ನಮ್ಮ ಬೀಗರ ಮನಿಗೆ ನಡಿಯಂಗಿಲ್ಲೇನು?

ಹೊಲಿಯೂದು ಕಷ್ಟ ಇಲ್ರಿ. ಒಂದು ಗಜ ಉದ್ದ, ಮುಕ್ಕಾಲು ಗಜ ಅಗಲ ಸಾಕು. ಮೊದ್ಲ ಅರಬಿ ಹತ್ತಿ ಹೌದೋ ಅಲ್ಲೋ ನೋಡ್ರಿ: ಎರಡು ಎಳಿ ಜಗ್ಗಿ ಸುಟ್ರ ಹತ್ತಿ ಕಾಗದದ ವಾಸನಿ ಬಂದು ಬೂದಿ ಆಗತೈತಿ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗತೈತಿ. ಆಮ್ಯಾಲ ಬಿಸಿನೀರಾಗ ಒಗದು ಬಿಸಲಿಗೆ ಒಣಗಿಸಬೇಕು. ಇಳಕಲ್ ಸೀರಿಯ ಕೆಂಪು ಸೆರಗು ಹಾಕೂದಿದ್ರ ಹಸಿ ಬಿಳೇ ಅರಬಿಯಿಂದ ತಿಕ್ಕಿ ನೋಡ್ರಿ, ಬಣ್ಣ ಬಿಟ್ರ ಬ್ಯಾಡ. ಮ್ಯಾಲೊಂದು, ಕೆಳಗೊಂದು, ನಡುವ ಹಳೇ ಧೋತರದ ಎರಡು ಪದರು. ಸುಕ್ಕು ಇಲ್ಲದಂಗ ಹಾಸಿ, ಉದ್ದುದ್ದ ಕಚ್ಚಾ ಟಾಕಿ ಹಾಕಿ, ಅಂಚಿನಿಂದ ಒಳಗ ಸುತ್ತಿಗೊಂತ ಬರ್ರಿ. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ. ಟಾಕಿ ಸಣ್ಣವು ಇರಬೇಕು, ಚಂದಕ್ಕಲ್ಲ: ಉದ್ದ ದಾರ ಎದ್ರ ಕೂಸಿನ ಬೆರಳಿಗೆ ಸುತ್ತಿಗೊಳ್ಳತೈತಿ. ಗಂಟು ಪದರಿನೊಳಗ ಮುಚ್ಚಿ ಹೋಗಬೇಕು. ಜರಿ, ಗುಂಡಿ, ಕನ್ನಡಿ ಯಾವೂ ಬ್ಯಾಡ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಮಕ್ಕಳು ಕೌದಿಯ ಮೂಲಿಗೆ ‘ಫುಲಾ’ ಅಂತ ಪುಟ್ಟ ತುಂಡು ಹಚ್ಚತಾರ, ಅದಿಲ್ಲದ ಕೌದಿ ಅವರ ಲೆಕ್ಕದಾಗ ಬತ್ತಲೆ. ನಾನೂ ಹಚ್ಚತೇನಿ, ಗಟ್ಟಿಯಾಗಿ.

ಒಂದು ಮಾತು ಬಾಣಂತಿಗೆ ಹೇಳೇ ಕೊಡ್ರಿ: ಇದು ಹಾಸಾಕ, ತೊಡಿ ಮ್ಯಾಲ ಹಾಕ್ಕೊಳ್ಳಾಕ, ಮಲಗಿದ ಕೂಸಿಗೆ ಹೊಚ್ಚಾಕಲ್ಲ. ವರ್ಷದೊಳಗಿನ ಕೂಸಿನ ಹಾಸಿಗ್ಯಾಗ ಸಡಿಲ ಹೊದಿಕಿ, ತಲಿದಿಂಬು ಇಡಬ್ಯಾಡ್ರಿ ಅಂತ ಮಕ್ಕಳ ಡಾಕ್ಟರು ಹೇಳತಾರ. ಮುಖದ ಮ್ಯಾಲ ಜಾರಿದ್ರ ಉಸರು ಕಟ್ಟತೈತಿ. ಅಜ್ಜಿಯಂದ್ರು ಎಷ್ಟ ಬೈದ್ರೂ ಈ ವಿಷಯದಾಗ ನಾನು ಡಾಕ್ಟರ ಕಡೆ.

ಕಣ್ಣು ಕಾಣಂಗಿಲ್ಲ, ಕೈ ನೋಯತೈತಿ ಅನ್ನೋರು ಓಣಿಗೆ ಬರೋ ಕೌದಿ ಹೊಲಿಯೋ ಹೆಣ್ಮಕ್ಕಳಿಗೆ ಕೊಡ್ರಿ. ಆದ್ರ ಅಂಗಡಿಯಾಗ ಬ್ಲ್ಯಾಂಕೆಟ್‌ಗೆ ಬರದಷ್ಟ ರೊಕ್ಕ ಎಣಿಸಿ ಕೊಟ್ಟು, ಆಕಿ ಮುಂದ ಇಪ್ಪತ್ತು ರೂಪಾಯಿಗೆ ಜಗಳಾ ತಗೀಬ್ಯಾಡ್ರಿ. ಹತ್ತಿ ದಾರ ನಾವ ಕೊಡಬೇಕು, ಇಲ್ಲಾಂದ್ರ ಅಗ್ಗದ ನೈಲಾನ್ ದಾರ ಬರತೈತಿ. ಮಧ್ಯಾಹ್ನ ಊಟಕ್ಕ ಕರೀಬೇಕು, ಟಾಕಿ ಸಣ್ಣವು ಹಾಕವಾ ಅಂತ ಮೊದಲ ಹೇಳಬೇಕು.