ಸುಸ್ಥಿರತೆಯ ಅರಿವೂ ಅದರ ಪರೀಕ್ಷೆಯೂ

ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಲ್ಲಿ ಸುಸ್ಥಿರತೆಯ ಅರಿವು ಎಷ್ಟಿರುವುದೆಂದು ಅಳೆಯುವ ಉದ್ಯಮವು ಈಚೆಗೆ ಹಲವೆಡೆ ನಡೆಯುತ್ತಿರುವುದನ್ನು ವಾಚಕರು ಬಲ್ಲರು. ಅಳೆಯಬೇಕೆಂಬುದರಲ್ಲಿ ನಮಗೆ ವಿವಾದವಿಲ್ಲ. ಆದರೆ ಕೊಳಗವೇ ಸೋರುತ್ತಿದ್ದರೆ ರಾಶಿಯ ಲೆಕ್ಕವನ್ನು ನಂಬುವುದೆಂತು?

ಸದ್ಯಕ್ಕೆ ಬಳಕೆಯಲ್ಲಿರುವ ಕೊಳಗಗಳು ಮುಖ್ಯವಾಗಿ ಎರಡು. ಮೊದಲನೆಯದು ಲಕ್ಷಣವಾಕ್ಯವನ್ನು ಕೇಳುವ ಪ್ರಶ್ನಪತ್ರಿಕೆ. ಮುಂದಿನವರ ಅಗತ್ಯಗಳಿಗೆ ಕುಂದು ತಾರದೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿಯೆಂದು ಬ್ರುಂಟ್‌ಲಂಡ್ ಆಯೋಗವು 1987ರಲ್ಲಿ ಹೇಳಿತು. ಇದನ್ನು ಬಾಯಿಪಾಠ ಮಾಡಿ ಬರೆದವನಿಗೆ ಪೂರ್ಣಾಂಕ. ಎರಡನೆಯದು ಮನೋಭಾವವನ್ನು ವಿಚಾರಿಸುವ ಪಟ್ಟಿ. ಪ್ರಕೃತಿಯನ್ನು ಕಾಪಾಡಬೇಕೆ ಎಂದು ಕೇಳಿದರೆ ಬೇಡವೆನ್ನುವ ಮೂಢನಾರು? ಮೊದಲನೆಯದು ಸ್ಮರಣಶಕ್ತಿಯನ್ನು ಅಳೆಯುವುದು, ಎರಡನೆಯದು ಸೌಜನ್ಯವನ್ನು. ಜ್ಞಾನವು ಎರಡರಿಂದಲೂ ತಪ್ಪಿಸಿಕೊಳ್ಳುವುದು. ಬಿತ್ತನೆಯ ಬೀಜವನ್ನು ಉಣ್ಣಬಾರದೆಂದು ಬಲ್ಲ ರೈತನು ಈ ಎರಡು ಪರೀಕ್ಷೆಗಳಲ್ಲಿಯೂ ಹಿಂದೆ ಬಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಏನನ್ನು ಕೇಳತಕ್ಕುದು? ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಬದಿಯ ಮಂಡಕಳ್ಳಿಯನ್ನೇ ನೋಡೋಣ. ಅರಸರ ಕಾಲದಲ್ಲಿ, 1940ರ ದಶಕದಲ್ಲಿ, ಅಲ್ಲಿ ಸಿದ್ಧವಾದ ವಿಮಾನನಿಲ್ದಾಣವು ನವೀಕರಣಗೊಂಡು 2010ರಲ್ಲಿ ಮತ್ತೆ ತೆರೆಯಿತು. ದೊಡ್ಡ ವಿಮಾನಗಳು ಇಳಿಯುವಂತೆ ಅದರ ಓಟದ ಹಾದಿಯನ್ನು ಉದ್ದಗೊಳಿಸಬೇಕೆಂಬ ಮಾತು ಬಹುಕಾಲದಿಂದ ನಡೆದುಬಂದಿರುವುದು. ಈ ವಿಸ್ತರಣಕ್ಕೆ ಯಾರ ಭೂಮಿ ಬೇಕು? ಆ ಭೂಮಿ ಏನನ್ನು ಬೆಳೆಯುತ್ತಿತ್ತು? ನೆಲ ಗಟ್ಟಿಯಾದ ಮೇಲೆ ಮಳೆಯ ನೀರು ಎತ್ತ ಹರಿಯುವುದು? ಪ್ರಯಾಣದ ಸೌಕರ್ಯ ಯಾರಿಗೆ, ಅದರ ಬೆಲೆ ಯಾರಿಗೆ? ಇವನ್ನು ವಿಚಾರಿಸಿ, ಲೆಕ್ಕಹಾಕಿ, ವಿಸ್ತರಣವು ಬೇಕೆಂದು ಬರೆದವನೂ ಬಲ್ಲವನೇ, ಬೇಡವೆಂದು ಬರೆದವನೂ ಬಲ್ಲವನೇ. ಏನನ್ನೂ ವಿಚಾರಿಸದೆ ‘ಅಭಿವೃದ್ಧಿಯೂ ಬೇಕು, ಪರಿಸರವೂ ಬೇಕು’ ಎಂದು ಮುಗಿಸಿದವನು ಮಾತ್ರ ಅನುತ್ತೀರ್ಣನು.

ಅಷ್ಟು ದೂರ ಹೋಗಲಾರದವರಿಗೆ ಮಾನಸಗಂಗೋತ್ರಿಯ ಮಗ್ಗುಲಲ್ಲಿಯೇ ಕುಕ್ಕರಹಳ್ಳಿಯ ಕೆರೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಹೊಲಗದ್ದೆಗಳಿಗೆ ನೀರುಣಿಸಲೆಂದು ಕಟ್ಟಿದ ಆ ಕೆರೆಯು ನಗರವು ಬೆಳೆದಂತೆ ಕೊಳಚೆಯಿಂದ ನೊಂದಿತು. ವಿದ್ಯಾಮಂದಿರದ ಅಂಗಳದ ಕೆರೆಯ ಕಥೆಯನ್ನರಿಯದವನಿಗೆ ಭೂಮಂಡಲದ ತಾಪವನ್ನು ಕುರಿತು ಪ್ರಬಂಧ ಬರೆಯಿಸಿ ಫಲವೇನು?

ಸಾವಿರಾರು ವಿದ್ಯಾರ್ಥಿಗಳನ್ನು ಹೀಗೆ ಪರೀಕ್ಷಿಸುವುದು ಆಗದ ಮಾತೆಂದು ಕೆಲವರು ಆಕ್ಷೇಪಿಸಬಹುದು. ಇದು ನಮ್ಮ ಹೊಸ ಬೇಡಿಕೆಯಲ್ಲ. ಪರಿಸರಶಿಕ್ಷಣವು ಕಡ್ಡಾಯವಾಗಬೇಕೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತಷ್ಟೆ. ಹನ್ನೆರಡು ವರ್ಷಗಳಾದ ಮೇಲೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪದವಿ ತರಗತಿಗಳಿಗೆಲ್ಲ ಆರು ತಿಂಗಳ ಪಠ್ಯವೊಂದನ್ನು ಗೊತ್ತುಮಾಡಿದಾಗ, ನೂರು ಅಂಕಗಳಲ್ಲಿ 25ನ್ನು ಕ್ಷೇತ್ರಕಾರ್ಯಕ್ಕೇ ಮೀಸಲಿಟ್ಟಿತು. ಆ ಇಪ್ಪತ್ತೈದೇ ಇಡೀ ಪಠ್ಯದ ಜೀವಾಳ. ಆದರೆ ಒಬ್ಬನು ಬರೆದುದನ್ನು ಹತ್ತು ಮಂದಿ ನಕಲು ಮಾಡಿ ಒಪ್ಪಿಸುವುದೂ, ಅದಕ್ಕೆ ರುಜು ಬೀಳುವುದೂ ಎಲ್ಲಿ ವಾಡಿಕೆಯಾಯಿತೋ ಅಲ್ಲಿ ಜೀವವು ಹೋಗಿ ಕಳೇಬರ ಉಳಿಯಿತು. ಹತ್ತು ಜನರ ಗುಂಪಿಗೊಂದು ಕೆರೆಯನ್ನೋ ಒಂದು ಗ್ರಾಮವನ್ನೋ ವಹಿಸಲಿ. ಬರೆದುದನ್ನು ಅಲ್ಲಿನ ಜನರೆದುರಿಗೆ ಓದಿ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಲಿ. ಉಪಾಧ್ಯಾಯರ ಹೊರೆಯೂ ಹಂಚಿಹೋಗುವುದು, ನಕಲು ಅಲ್ಲಿಯೇ ಬಯಲಾಗುವುದು.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಈ ನಾಡಿನ ಪ್ರಜೆಗಳ ಸೊತ್ತು. ಅದರ ಪದವೀಧರರೇ ನಾಳೆ ಕೆರೆಗಳ ನಕ್ಷೆಗೂ ಭೂಮಿಯ ಕಾಗದಕ್ಕೂ ರುಜು ಹಾಕುವವರು. ಅವರಿಗೆ ಇಂದು ನಾವು ಹಾಕುವ ಸುಳ್ಳು ಅಂಕಗಳ ತೆರವನ್ನು ಕಟ್ಟಬೇಕಾದವರು ಇನ್ನೂ ಹುಟ್ಟದ ಮಕ್ಕಳೆಂಬುದನ್ನು ಪರೀಕ್ಷಾಮಂಡಳಿಗಳು ಮರೆಯದಿರಲಿ.